ಗೆಳೆಯನಿಗೊಂದು ಪತ್ರ: ಹಳದಿ ರಿಬ್ಬನ್ ಹುಡುಕಲು ಹೋಗಿ

ಪ್ರೀತಿಯ ಗೆಳೆಯ,

ಹೇಗಿದ್ದೀಯೋ? ಮಂಡ್ಯದಲ್ಲೂ ಮಳೆಯಾ? ಇಲ್ಲಿ ಮೈಸೂರಿನಲ್ಲಿ ನಾಲ್ಕು ದಿನದಿಂದ ಸಂಜೆಯಾದರೆ ಸಾಕು, ಚಾಮುಂಡಿ ಬೆಟ್ಟವೇ ಕಾಣುವುದಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಎಷ್ಟೋ ತಿಂಗಳಿಂದ ಮುಂದಕ್ಕೆ ಹಾಕಿದ್ದ ಕೆಲಸ ಕೊನೆಗೂ ಶುರು ಮಾಡಿದೆ. ನನ್ನ ಸ್ಕ್ರ್ಯಾಪ್‌ಬುಕ್ ಸಾಮಾನೆಲ್ಲ ಒಪ್ಪವಾಗಿ ಜೋಡಿಸುವ ಕೆಲಸ.

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೇ? ಕಂಪ್ಯೂಟರಿನಲ್ಲಿ ಆಲ್ಬಂ ಪುಟ ಮಾಡುವವರು ನಮ್ಮ ಕಡೆಯೂ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ. ನಮ್ಮಿಬ್ಬರ ಮಾತು ನಡುವೆ ನುಸುಳಿದರೆ ಅವರು ಸುಧಾರಿಸಿಕೊಳ್ಳಲಿ.

2012ರಲ್ಲಿ ಮಗಳು ಹುಟ್ಟಿದಾಗ ನಾನು ಮೊದಲ ಪುಟ ಮಾಡಿದ್ದು ನಿನಗೆ ನೆನಪಿದೆಯಲ್ಲ. ಹಳೇ ಆಲ್ಬಂ ಕೆಲಸವೇ ಅದು, ಗೋಂದು ಕತ್ತರಿ ಇಲ್ಲ ಅಷ್ಟೆ. ಹಿಂದೆ ಹಾಸುವ ಪೇಪರ್, ಮೇಲೆ ಇಡುವ ರಿಬ್ಬನ್, ಗುಂಡಿ, ಹೂವು ಎಲ್ಲವೂ ಫೈಲುಗಳು. ಒಂದು ಪೇಪರ್ ಅಂದರೆ 12 ಇಂಚು ಉದ್ದ, 12 ಇಂಚು ಅಗಲ. ಇಂಚಿಗೆ 300 ಚುಕ್ಕೆ ಲೆಕ್ಕ ಹಿಡಿದರೆ ಒಂದೊಂದು ಬದಿಗೆ 3600 ಪಿಕ್ಸೆಲ್. ಪೇಪರ್ ಜೆಪೆಗ್ ಆಗಿದ್ದರೆ ಸಾಕು. ರಿಬ್ಬನ್, ಹೂವು ಮಾತ್ರ ಪಿಎನ್‌ಜಿ ಆಗಿಯೇ ಇರಬೇಕು. ಜೆಪೆಗ್ ಮಾಡಿದರೆ ಸುತ್ತ ಬಿಳಿ ಚೌಕ ಬಂದು ಕೂರುತ್ತದೆ. ಇವೆಲ್ಲ ಕಿಟ್ ಲೆಕ್ಕದಲ್ಲಿ, ಅಂದರೆ ಒಂದಕ್ಕೊಂದು ಹೊಂದುವ ಪೇಪರ್, ರಿಬ್ಬನ್, ಹೂವು ಒಂದೇ ಕಟ್ಟಾಗಿ, ಜಿಪ್ ಫೈಲಿನೊಳಗೆ ಬರುತ್ತವೆ. ಬಂದದ್ದನ್ನು ಬಂದ ಹಾಗೇ ತುಂಬುತ್ತಾ ಹೋದೆ. ಈಗ 11,000 ಫೈಲ್ ಇದೆ.

ಹೋದ ವಾರ ಮಗಳ ಶಾಲೆ ಪುಟಕ್ಕೆ ಒಂದು ಹಳದಿ ರಿಬ್ಬನ್ ಬೇಕಿತ್ತು. ಇದೆ ಅಂತ ಗೊತ್ತು. ಯಾವ ಕಿಟ್ಟಿನಲ್ಲಿ ಅಂತ ಗೊತ್ತಿಲ್ಲ. ನಲವತ್ತು ಫೋಲ್ಡರ್ ತೆಗೆದೆ. ಸಿಗುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು, ಪುಟ ಮಾಡುವ ಮನಸ್ಸೇ ಹೋಗಿತ್ತು.

ಆಗ ನೆನಪಾದದ್ದು ಅಮ್ಮನ ದಸರಾ ಗೊಂಬೆ ಪೆಟ್ಟಿಗೆ.

ನಿಮ್ಮ ಸರಸ್ವತಿಪುರಂ ಮನೆ ಅಟ್ಟದ ಮೇಲಿದ್ದ ಆ ಹಸಿರು ಟ್ರಂಕು. ಪಾಡ್ಯದ ಹಿಂದಿನ ದಿನ ನಾವಿಬ್ಬರೂ ಇಳಿಸುತ್ತಿದ್ದೆವು. ಪಟ್ಟದ ಗೊಂಬೆ ಮೊದಲು ಕೂರಬೇಕು, ಹಾಗಾಗಿ ಅಮ್ಮ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರುತ್ತಿದ್ದರು. ಅದರ ಕೆಳಗೆ ದಶಾವತಾರ. ಅಡಿಯಲ್ಲಿ ಪಾರ್ಕು, ಮೃಗಾಲಯ, ಕೊನೇ ಮೆಟ್ಟಿಲಿನ ಪೊಲೀಸಪ್ಪ. ಅವನ ವಿಷಯ ಇಲ್ಲಿ ಬೇಡ. ಒಂದೊಂದು ಡಬ್ಬಕ್ಕೂ ಹಳೇ ಮದುವೆ ಕಾರ್ಡು ಕತ್ತರಿಸಿ ಚೀಟಿ. ನೀಲಿ ಶಾಯಿ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ. ‘ಶೆಟ್ಟರ ಅಂಗಡಿ. ತಕ್ಕಡಿ ಬೇರೆ, ಹತ್ತಿಯಲ್ಲಿ ಸುತ್ತಿದೆ.’ ‘ಆನೆ. ಕಿವಿ ಹುಷಾರು.’

ಯಾವ ಗೊಂಬೆ ಯಾವ ಊರಿನಿಂದ ಬಂತು, ಯಾರು ಕೊಟ್ಟರು ಅಂತ ನೋಡಿ ಅವರು ತುಂಬುತ್ತಿರಲಿಲ್ಲ. ತೆಗೆಯುವಾಗ ಕೈಗೆ ಯಾವುದು ಮೊದಲು ಬೇಕೋ ಅದು ಮೇಲೆ. ನಾನು ಇಷ್ಟು ವರ್ಷ ಉಲ್ಟಾ ಮಾಡಿದ್ದೆ. ಎಲ್ಲಿಂದ ಬಂತು ಅನ್ನುವ ಲೆಕ್ಕದಲ್ಲಿ ಇಟ್ಟಿದ್ದೆ. ಹುಡುಕುವಾಗ ನನಗೆ ಬೇಕಾದದ್ದು ಬಣ್ಣ, ವಸ್ತು, ಸಂದರ್ಭ.

ಹಾಗಂತ ಕಿಟ್ ಒಡೆದು ರಿಬ್ಬನ್ನೆಲ್ಲ ಒಂದು ಕಡೆ, ಪೇಪರೆಲ್ಲ ಒಂದು ಕಡೆ ಸುರಿಯಬಾರದು. ನನಗೆ ಅದು ಸರಿ ಕಾಣುವುದಿಲ್ಲ. ಕಿಟ್ ಮಾಡಿದವರ ಹೆಸರು, ಹೇಗೆ ಬಳಸಬಹುದು ಅನ್ನುವ ನಿಯಮದ ಫೈಲು, ಎಲ್ಲಾ ಒಟ್ಟಿಗೆ ಕಾಣುವ ಪ್ರಿವ್ಯೂ ಚಿತ್ರ, ಇವು ಕಿಟ್ ಜೊತೆಯೇ ಇರಬೇಕು. ಫೋಲ್ಡರ್ ಇದ್ದ ಹಾಗೇ ಬಿಟ್ಟು ಫೈಲುಗಳಿಗೆ ಟ್ಯಾಗ್, ಅಂದರೆ ಅಮ್ಮನ ಚೀಟಿಯ ಹಾಗೆ ಹುಡುಕಲು ಒಂದೆರಡು ಪದ, ಹಾಕಿದರೆ ಆಯಿತು. ನಾನು ಬಳಸುವುದು ಡಿಜಿಕ್ಯಾಮ್ ಅನ್ನುವ ಫೋಟೋ ಜೋಡಿಸುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಟ್ಯಾಗ್ ಅದರ ಪಟ್ಟಿಯಲ್ಲಷ್ಟೇ ಅಲ್ಲ, ಫೈಲಿನೊಳಗೂ ಬರೆದುಕೊಳ್ಳುವ ಹಾಗೆ ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಬೇಕು. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಚೀಟಿ ಕಳಚಿ ಬೀಳಬಾರದಲ್ಲ. ಟ್ಯಾಗ್ ಜಾಸ್ತಿಯೂ ಬೇಡ. ‘ಹಳದಿ’, ‘ರಿಬ್ಬನ್’, ‘ಹಬ್ಬ’ ಇಷ್ಟಿದ್ದರೆ ಸಾಕು. ‘ನಿಂಬೆಹಳದಿ’, ‘ಅರಿಶಿನಹಳದಿ’ ಅಂತೆಲ್ಲ ಶುರು ಮಾಡಿದರೆ ಮೂರನೇ ದಿನಕ್ಕೆ ಕೈ ಬಿಡುತ್ತೇವೆ. ಬಿಚ್ಚಿದ ಜಿಪ್ಪುಗಳನ್ನು ಒಂದು ಸಲ ಪರೀಕ್ಷಿಸಿ ಬೇರೆ ಡಿಸ್ಕಿಗೆ ಹಾಕಿದೆ. ಎಷ್ಟು ಜಾಗ ಉಳಿಯಿತು ಅಂತೀಯ!

ನಾನೇ ಮಾಡಿಕೊಂಡ ಸಾಮಾನಿಗೆ ಮಾತ್ರ ಬೇರೆ ಫೋಲ್ಡರ್. ಹೊರಗಿನ ಕಿಟ್ಟುಗಳಲ್ಲಿ ಹಿಮದ ಗೊಂಬೆ ಎಷ್ಟು ಬೇಕಾದರೂ ಸಿಗುತ್ತದೆ. ದಸರಾ ಪುಟಕ್ಕೆ ಅದನ್ನಿಟ್ಟುಕೊಂಡು ಏನು ಮಾಡಲಿ? ದೇವರಾಜ ಮಾರ್ಕೆಟ್ಟಿನಲ್ಲಿ ಗೋಪುರದ ಹಾಗೆ ಒಟ್ಟಿದ ಕುಂಕುಮದ ಫೋಟೋ ತೆಗೆದು ಪೇಪರ್ ಮಾಡಿಕೊಂಡೆ. ಒಂದು ಮೊಳ ಮಲ್ಲಿಗೆ ತಂದು ಸ್ಕ್ಯಾನರ್ ಗಾಜಿನ ಮೇಲೆ ಇಟ್ಟೆ. ಮುಚ್ಚಳ ಹಾಕಿದರೆ ಹೂವು ನಲುಗುತ್ತದೆ. ಮುಚ್ಚಳ ತೆಗೆದೇ ಇಟ್ಟು ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ಮೊಗ್ಗಿನ ತುದಿಯ ನಸುಗೆಂಪು, ಬಾಳೆನಾರಿನ ಗಂಟು ಎಲ್ಲಾ ಬಂತು ನೋಡು. ತೆಗೆದ ಮೇಲೆ ಗಾಜಿನ ಮೇಲೆ ಎರಡು ಹನಿ ನೀರು.

ಕನ್ನಡದ ಅಕ್ಷರಕ್ಕೆ ಇನ್ನೊಂದು ತೊಂದರೆ. ಇಂಗ್ಲಿಷಿಗೆ 26 ಅಕ್ಷರದ ಚಿತ್ರ ಇದ್ದರೆ ಹೆಸರು ಜೋಡಿಸಬಹುದು. ನಮ್ಮ ಕಾಗುಣಿತ, ಒತ್ತಕ್ಷರಕ್ಕೆ ಅದು ನಡೆಯುವುದಿಲ್ಲ, ಫಾಂಟೇ ಗತಿ. ನನಗೆ ‘ಬಾಲೂ ತಮ್ಮ’ ಇಷ್ಟ, ಮಕ್ಕಳ ಪುಟಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇನ್ನು ಫೋಟೋಗಳು. ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ ಬರೆದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಅದೇ ಸಾಫ್ಟ್‌ವೇರ್ ಮುಖ ಗುರುತು ಹಿಡಿದು ಹೆಸರೂ ಕೇಳುತ್ತದೆ. ಹೆಸರು ಕೊಡುತ್ತಾ ಹೋದೆ. ಮಗಳು 3,000 ದಾಟಿದಳು. ಅಂಬಾರಿ ಹೊತ್ತ ಅರ್ಜುನನಿಗೂ ನಾನೇ ಟ್ಯಾಗ್ ಹಾಕಿದೆ, 61 ಬಂತು. 2012ರಿಂದ 2019ರ ತನಕ ಪ್ರತಿ ವರ್ಷ ಆ 750 ಕಿಲೋ ಹೊತ್ತು ನಡೆದವನು. 2023ರ ಡಿಸೆಂಬರಿನಲ್ಲಿ ಅವನು ಸತ್ತ ದಿನ ಮಗಳು ಊಟ ಮಾಡಲಿಲ್ಲ.

ನಿನ್ನ ಹೆಸರಿನ ಕೆಳಗೆ 23.

ಕೊನೆಯದು 2017-09-20. ಪಾಡ್ಯದ ಹಿಂದಿನ ದಿನ. ನೀನು ಟ್ರಂಕಿನ ಒಂದು ಹಿಡಿ ಹಿಡಿದಿದ್ದೀಯ, ಅಮ್ಮ ಹಿಂದೆ ನಿಂತು ‘ನಿಧಾನ’ ಅಂತ ಕೈ ತೋರಿಸುತ್ತಿದ್ದಾರೆ. ಅಲ್ಲಿಗೆ ನಿಂತುಹೋಯಿತು. ಆಮೇಲಿನ ವರ್ಷಗಳಲ್ಲಿ ಒಂದೂ ಇಲ್ಲ. ತಪ್ಪಿರಬಹುದು ಅಂತ ಮತ್ತೆ ಹುಡುಕಿಸಿದೆ. 23 ಅಷ್ಟೇ.

ಮರುದಿನ ‘ಟಿಕೆಟ್, ಚೀಟಿ, ಬಿಲ್ಲು’ ಫೋಲ್ಡರ್ ತೆಗೆದೆ. ಪುಟದ ಅಂಚಿಗೆ ಅಲಂಕಾರಕ್ಕೆ ಇಡಲು ಪರ್ಸಿನ ಕಾಗದವೆಲ್ಲ ಆಗಾಗ ಸ್ಕ್ಯಾನ್ ಮಾಡಿ ಇಡುವ ಅಭ್ಯಾಸ ನನಗೆ. ಅಲ್ಲಿ ಒಂದು ರೈಲು ಟಿಕೆಟ್. ಮೈಸೂರಿನಿಂದ ಮಂಡ್ಯಕ್ಕೆ, ಒಬ್ಬರಿಗೆ. 2018ರ ಫೆಬ್ರವರಿ. ನಡುವೆ ಅಡ್ಡಡ್ಡ ಸುಕ್ಕು.

ಮುಷ್ಟಿಯಲ್ಲಿ ಹಿಡಿದಿದ್ದಕ್ಕೆ ಬಿದ್ದ ಸುಕ್ಕು ಅದು. ಅಮ್ಮನ ಹನ್ನೊಂದನೇ ದಿನದ್ದು.

ಆಫೀಸಿನಲ್ಲಿ ಆಡಿಟ್ ಇದೆ, ಬರಲಾಗಲಿಲ್ಲ ಅಂತ ನಿನಗೆ ಹೇಳಿದ್ದೆ. ಆಡಿಟ್ ಇರಲಿಲ್ಲ ಕಣೋ. ರಜ ಹಾಕಿದ್ದೆ. ಬೆಳಿಗ್ಗೆಯೇ ಸ್ಟೇಷನ್ನಿಗೆ ಬಂದು ಟಿಕೆಟ್ ತಗೊಂಡು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆ. ಒಂದು ರೈಲು ಹೋಯಿತು. ಮುಂದಿನದಕ್ಕೆ ಹತ್ತೋಣ ಅಂದುಕೊಂಡೆ. ಅದೂ ಹೋಯಿತು. ನಿನ್ನ ಮುಖ ನೋಡಿ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಆ ಮನೆಯಲ್ಲಿ ನಾನು ನಿನ್ನಷ್ಟೇ ಊಟ ಮಾಡಿದವನು. ಡಿಸೆಂಬರಿನಲ್ಲಿ ನೀನು ಅವರನ್ನು ಮಂಡ್ಯಕ್ಕೆ ಕರೆದುಕೊಂಡು ಹೋದಾಗ ‘ಬಂದು ನೋಡ್ತೀನಮ್ಮ’ ಅಂದಿದ್ದೆ. ನೋಡಲು ಹೋಗಿರಲಿಲ್ಲ. ಸುಮಾರು 45 ಕಿಲೋಮೀಟರ್. ಶ್ರೀರಂಗಪಟ್ಟಣ, ಪಾಂಡವಪುರ ದಾಟಿದರೆ ನೀವು. ಬದುಕಿದ್ದಾಗ ಹೋಗದವನು ಈಗ ಊಟಕ್ಕೆ ಹೇಗೆ ಹೋಗಲಿ ಅನ್ನಿಸಿತು. ಮಧ್ಯಾಹ್ನ ಎದ್ದು ಮನೆಗೆ ಬಂದೆ.

ನೀನು ಒಂದು ದಿನವೂ ಕೇಳಲಿಲ್ಲ. ಫೋನಿನಲ್ಲಿ ಹಬ್ಬಕ್ಕೆ ಶುಭಾಶಯ ಹೇಳಿಕೊಳ್ಳುತ್ತಾ ಇಷ್ಟು ವರ್ಷ ಕಳೆದೆವು. ಆ ಟಿಕೆಟ್ಟನ್ನು ಯಾವ ಮನಸ್ಸಿನಲ್ಲಿ ಸ್ಕ್ಯಾನ್ ಮಾಡಿದೆನೋ ನೆನಪಿಲ್ಲ. ಮೊನ್ನೆ ಅದಕ್ಕೆ ಟ್ಯಾಗ್ ಹಾಕಲು ಕೂತೆ. ವಸ್ತು: ಟಿಕೆಟ್. ಸಂದರ್ಭ ಅನ್ನುವ ಜಾಗದಲ್ಲಿ ಕೈ ನಿಂತಿತು. ಇನ್ನೂ ಖಾಲಿಯೇ ಇದೆ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ರಿಬ್ಬನ್ ವಿಷಯ ಬರೆದು ಮುಗಿಸೋಣ ಅಂತಿದ್ದೆ. ಬರೆದಾಯಿತು, ಅಳಿಸುವುದಿಲ್ಲ.

ಸರಿ, ಇನ್ನೊಂದು ಮುಖ್ಯ ವಿಷಯ ಬಾಕಿ. ಕಾಪಿಗಳು. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಎರಡೂ ಒಂದೇ ಕೋಣೆಯಲ್ಲಿ ಇದ್ದರೆ ಏನು ಬಂತು? ಸೋರಿದರೆ ಎರಡೂ ನೆನೆಯುತ್ತವೆ. ಮೂರನೆಯದು ಬೇರೆ ಮನೆಯಲ್ಲಿ, ಆಗುವುದಾದರೆ ಬೇರೆ ಊರಿನಲ್ಲಿ ಇರಬೇಕು. ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಅಂಗೈಯಷ್ಟು ದೊಡ್ಡದು, ಜಾಸ್ತಿ ಜಾಗ ಬೇಡ. ಕೊರಿಯರ್‌ಗೆ ಕೊಡುವುದಿಲ್ಲ. ಭಾನುವಾರ ಬೆಳಗಿನ ರೈಲಿಗೆ ನಾನೇ ತರುತ್ತೇನೆ, ಮಗಳೂ ಬರುತ್ತಾಳಂತೆ.

ಅದರಲ್ಲಿ ಅಮ್ಮನ ಪುಟ ಅರ್ಧ ಆಗಿದೆ. ಹಿಂದೆ ಕುಂಕುಮದ ಪೇಪರ್, ಅಂಚಿಗೆ ಮಲ್ಲಿಗೆ. ನಡುವೆ ಜಾಗ ಬಿಟ್ಟಿದ್ದೇನೆ, ಡಬ್ಬದ ಚೀಟಿ ಒಂದು ಬೇಕು, ಅವರ ಕೈಬರಹದ್ದು. ‘ಆನೆ. ಕಿವಿ ಹುಷಾರು’ ಸಿಕ್ಕಿದರೆ ಅದೇ ಇರಲಿ. ಟ್ರಂಕು ಅಟ್ಟದ ಮೇಲಿದ್ದರೆ ನೀನೊಬ್ಬನೇ ಇಳಿಸಲು ಹೋಗಬೇಡ. ನಾನು ಬಂದ ಮೇಲೆ ಆ ಕಡೆ ಹಿಡಿ ಹಿಡಿಯುತ್ತೇನೆ. ಪೊಲೀಸಪ್ಪನಿಗೂ ಹೇಳಿರು, ಅವನನ್ನು ಮಗಳು ಇನ್ನೂ ನೋಡಿಲ್ಲ.

ನಿನ್ನ,
ಮೊದಲನೇ ಮೆಟ್ಟಿಲಿನವನು