ಯಾರ ಕೈ ಹಿಡಿಯಲಿ ಎಂದು ಕೇಳಿದ್ದೀಯ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆಯ ಸುದ್ದಿಯನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದನ್ನು ಮತ್ತೆ ಬರೆಯುವುದಿಲ್ಲ. ಜೂನ್ ಕೊನೆಯಲ್ಲಿ ನೀವು ನಾಲ್ವರೂ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಇಳಿದು, ಕೊಲೊರಾಡೊ ನದಿಯಲ್ಲಿ ರಾಫ್ಟಿಂಗ್ ಮಾಡಿ, ಕಣಿವೆಯ ತಳದ ತಂಗುದಾಣ ಫ್ಯಾಂಟಮ್ ರ‍್ಯಾಂಚ್‌ನಿಂದ ನಡೆದು ಮೇಲಕ್ಕೆ ಬರುತ್ತೀರಿ ಎಂದು ಓದಿ ಬಹಳ ಸಂತೋಷವಾಯಿತು. ಆದರೆ ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ ಬರೆದ ಎರಡು ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ‘ದೋಣಿ ಮಗುಚಿದರೆ ಮಕ್ಕಳಿಬ್ಬರಲ್ಲಿ ಯಾರ ಕೈ ಹಿಡಿಯಲಿ ದೊಡ್ಡಪ್ಪ? ರಾತ್ರಿ ಎಚ್ಚರವಾದರೆ ಇದೇ ಯೋಚನೆ’ ಎಂದಿದ್ದೀಯ. ಓದಿದ ಮೇಲೆ ನನಗೂ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಚಿಕ್ಕವರಿದ್ದಾಗ ಹರಿಗೋಲು ಮಗುಚಿದ ಕಥೆ ಕೇಳಿಕೊಂಡೇ ನೀನು ಬೆಳೆದವಳು. ಆನೆಗೊಂದಿಯ ಹೊಳೆ, ಆ ದಿನದ ಗಾಳಿ, ಅಜ್ಜಿ ನಿನ್ನ ಅಪ್ಪನ ರಟ್ಟೆ ಹಿಡಿದದ್ದು, ಅಂಬಿಗ ನನ್ನ ಕೂದಲು ಹಿಡಿದು ಎಳೆದದ್ದು ಎಲ್ಲವೂ ನಿನಗೆ ಬಾಯಿಪಾಠ. ಈಗ ನಿನ್ನ ನಿದ್ದೆ ಕೆಡಿಸುತ್ತಿರುವ ಭಯ ಅರಿಜೋನಾದಲ್ಲಿ ಹುಟ್ಟಿದ್ದಲ್ಲ ಎಂದು ನನ್ನ ಅನುಮಾನ. ಅದು ನಮ್ಮ ತುಂಗಭದ್ರೆಯಿಂದಲೇ ನಿನ್ನ ಜೊತೆ ಬಂದಿದೆ. ಅಜ್ಜಿಯ ಪ್ರಶ್ನೆಯನ್ನು ನೀನು ಹೊತ್ತುಕೊಂಡಿದ್ದೀಯ.

ಮೊದಲು ನದಿಯ ಮಾತು ಹೇಳಿಬಿಡುತ್ತೇನೆ. ಜೀವನವಿಡೀ ನದಿ ಅಳೆಯುವ ಕೆಲಸ ಮಾಡಿದವನಿಗೆ ಅದು ಸುಲಭ. ನೀವು ದೋಣಿ ಹತ್ತುವ ಲೀಸ್ ಫೆರಿಯಲ್ಲಿ 1921ರಿಂದ ಕೊಲೊರಾಡೊ ನದಿಯ ಹರಿವನ್ನು ಅಳೆಯುತ್ತಿದ್ದಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಎಂಜಿನಿಯರೊಬ್ಬರು ಆ ಹೆಸರನ್ನು ಭಕ್ತಿಯಿಂದ ಹೇಳುತ್ತಿದ್ದರು. ಒಮ್ಮೆ ಹೋಗಿ ಆ ಗೇಜಿನ ಪಕ್ಕ ನಿಲ್ಲಬೇಕೆಂಬ ಆಸೆ ಅಂದಿನಿಂದಲೂ ಇತ್ತು. ನಿಮ್ಮಲ್ಲಿಗೆ ಬಂದಾಗ ಕಣಿವೆಯ ದಕ್ಷಿಣ ಅಂಚಿಗೆ ಕರೆದೊಯ್ದಿರಲ್ಲ, ಲಿಪಾನ್ ಪಾಯಿಂಟ್‌ನಲ್ಲಿ ನೀವೆಲ್ಲ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾನು ಕಂಬಿ ಹಿಡಿದು ಕೆಳಗೆ ನದಿಯ ತಿರುವನ್ನೇ ನೋಡುತ್ತಿದ್ದೆ. ಇಳಿಯುವ ಮೊಣಕಾಲು ಇದ್ದಾಗ ಅಲ್ಲಿಗೆ ಬರುವ ಹಣವಿರಲಿಲ್ಲ; ಹಣ ಬಂದಾಗ ಮೊಣಕಾಲು ಹೋಗಿತ್ತು. ಆ ಕೊರಗು ಹಾಗೇ ಇದೆ. ನೀನು ಇಳಿಯುತ್ತಿದ್ದೀಯ ಎಂಬುದರಿಂದ ಸ್ವಲ್ಪ ಕಡಿಮೆಯಾಗಿದೆ.

ಅದು ಈಗ ಅಣೆಕಟ್ಟಿನ ಕೆಳಗಿನ ನದಿ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲಲು ಶುರುವಾದ ಮೇಲೆ ಅದರ ಸ್ವಭಾವವೇ ಬದಲಾಯಿತು. ನೀರು ಬಿಡುವುದು ವಿದ್ಯುತ್ತಿನ ಬೇಡಿಕೆ ನೋಡಿಕೊಂಡು; ಅದಕ್ಕೇ ದಿನದಲ್ಲಿ ಏರುತ್ತದೆ, ಇಳಿಯುತ್ತದೆ. ಸಂಜೆ ದಡದಲ್ಲಿ ಕಟ್ಟಿದ ದೋಣಿ ಬೆಳಿಗ್ಗೆ ಒಣ ಮರಳಿನ ಮೇಲೆ ಕುಳಿತಿದ್ದರೆ ಮಕ್ಕಳು ಗಾಬರಿಯಾಗುವುದು ಬೇಡ. ಹರಿವು ಹೆಚ್ಚಾಗಿ 8 ಸಾವಿರದಿಂದ 20 ಸಾವಿರ ಕ್ಯುಸೆಕ್‌ನ ಒಳಗೆ ಇರುತ್ತದೆ. ಮಳೆಗಾಲದಲ್ಲಿ ನಮ್ಮ ತುಂಗಭದ್ರೆ ಲಕ್ಷ ಕ್ಯುಸೆಕ್ ದಾಟಿದ್ದನ್ನು ಎಷ್ಟೋ ಸಲ ನಾನೇ ಬರೆದುಕೊಂಡಿದ್ದೇನೆ. ಹಾಗೆಂದು ಅದು ಸಣ್ಣ ನದಿ ಎಂದುಕೊಳ್ಳಬೇಡ. ನೀರಿನ ಲೆಕ್ಕಕ್ಕಿಂತ ಅದು ಎಷ್ಟು ಇಕ್ಕಟ್ಟಿನಲ್ಲಿ, ಎಂಥ ಬಂಡೆಗಳ ಮೇಲೆ ಹರಿಯುತ್ತದೆ ಎಂಬುದೇ ಮುಖ್ಯ. ಪಕ್ಕದ ಕಣಿವೆಗಳು ಹುಚ್ಚು ಮಳೆಯಲ್ಲಿ ಮನೆಯಷ್ಟು ದೊಡ್ಡ ಬಂಡೆಗಳನ್ನು ಉರುಳಿಸಿ ತಂದು ನದಿಯ ಬಾಯಿಗೆ ತುರುಕುತ್ತವೆ. ರ‍್ಯಾಪಿಡ್‌ಗಳು (ನೀರು ರಭಸದಿಂದ ಧುಮುಕುವ ಜಾಗಗಳು) ಹುಟ್ಟುವುದು ಅಲ್ಲೇ. ನದಿಯ ಇಳಿತದ ಸುಮಾರು ಅರ್ಧ ಭಾಗ ಈ ರ‍್ಯಾಪಿಡ್‌ಗಳಲ್ಲೇ ಮುಗಿದುಹೋಗುತ್ತದೆ, ದೂರದ ಲೆಕ್ಕದಲ್ಲಿ ಅವು ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಅಬ್ಬರ ಮುಗಿದ ಮೇಲೆ ಸಾಮಾನ್ಯವಾಗಿ ಸಮಾಧಾನದ ನೀರು ಇರುತ್ತದೆ. ಮುಂದೆ ಹೋದ ದೋಣಿಗಳು ಅಲ್ಲಿ ಕಾಯುತ್ತಿರುತ್ತವೆ. ಬಿದ್ದವರನ್ನು ಎತ್ತಿಕೊಳ್ಳುವುದಕ್ಕೇ ಅವರು ಕಾಯುವುದು. ಆನೆಗೊಂದಿಯಲ್ಲಿ ನಮಗಾಗಿ ಕಾಯುವ ಎರಡನೇ ಹರಿಗೋಲು ಇರಲಿಲ್ಲ ಪುಟ್ಟಿ.

ನಿಮ್ಮ ದಾರಿ ಲೀಸ್ ಫೆರಿಯಿಂದ ಫ್ಯಾಂಟಮ್ ರ‍್ಯಾಂಚ್‌ವರೆಗೆ, 88 ಮೈಲಿ. ಎಲ್ಲರೂ ಹೆಸರು ಹೇಳಿ ಹೆದರಿಸುವ ಕ್ರಿಸ್ಟಲ್ ಮತ್ತು ಲಾವಾ ಫಾಲ್ಸ್ ಎಂಬ ರ‍್ಯಾಪಿಡ್‌ಗಳು ಅದಕ್ಕಿಂತ ಕೆಳಗೆ ಇವೆ, ನಿಮಗೆ ಸಿಗುವುದಿಲ್ಲ. ನಿಮಗೆ ಸಿಗುವುದರಲ್ಲಿ 77ನೇ ಮೈಲಿಯ ಹ್ಯಾನ್ಸ್ ದೊಡ್ಡದು. ನಿನ್ನ ರಾತ್ರಿಯ ಯೋಚನೆಯಲ್ಲಿ ದೋಣಿ ಮಗುಚುವುದು ಅಲ್ಲೇ ಎಂದು ನನಗೆ ಗೊತ್ತು, ಏಕೆಂದರೆ ಪತ್ರದಲ್ಲಿ ಆ ಹೆಸರೊಂದನ್ನೇ ಮೂರು ಕಡೆ ಬರೆದಿದ್ದೀಯ.

ಸರಿ, ಮಗುಚಿತು ಎಂದೇ ಇಟ್ಟುಕೊಳ್ಳೋಣ. ನೀನು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ: ಹತ್ತಿರ ಯಾರಿದ್ದಾರೋ ಅವರನ್ನು ಹಿಡಿ. ಅವಳೋ ಇವನೋ ಎಂದು ಈಗಲೇ ತೀರ್ಮಾನ ಮಾಡಬೇಡ. ಹತ್ತಿರ ಇರುವುದು ನಿನ್ನ ಮಗುವೇ ಆಗಿರಬೇಕೆಂದೂ ಇಲ್ಲ. ನಿನ್ನ ಮಗಳನ್ನು ಇನ್ಯಾರದೋ ತಾಯಿ ಎತ್ತಿಕೊಳ್ಳಬಹುದು, ನೀನು ಇನ್ಯಾರದೋ ಮಗನನ್ನು. ಹಿಡಿಯುವುದಾದರೆ ಕೈ ಹಿಡಿಯಬೇಡ, ಜಾರುತ್ತದೆ. ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಎಳೆ. ಇದನ್ನು ಗೈಡುಗಳೇ ಮೊದಲ ದಿನ ಹೇಳಿಕೊಡುತ್ತಾರೆ, ನಾನು ಹೇಳುವುದು ಹೆಚ್ಚುಗಾರಿಕೆ ಎನಿಸಬಹುದು. ಆದರೂ ಬರೆದಿದ್ದೇನೆ.

ಈಗ ಯಾರಿಗೂ ಹೇಳದ ಮಾತು.

ಅಂದು ನೀರಿನಲ್ಲಿ ನಾನು ಅಜ್ಜಿಯನ್ನು ನೋಡಿದೆ. ಹರಿಗೋಲು ಬೋರಲಾಗಿ, ಅದರ ತೊಗಲಿನ ತಳ ಮೇಲೆ ಬಂದಿತ್ತು. ನಾನು ಅದರ ಬಿದಿರಿನ ಅಂಚನ್ನು ಹಿಡಿದಿದ್ದೆ. ಅವಳ ಕೈ ನಿನ್ನ ಅಪ್ಪನ ರಟ್ಟೆಗೆ ಹೋಯಿತು. ಅವಳು ಹಿಡಿದ ಹಿಡಿತಕ್ಕೆ ಒಂದು ಬಳೆ ಒಡೆದು ಅವನ ತೋಳಿನಲ್ಲಿ ಗೀರು ಮೂಡಿತು, ನಾಲ್ಕು ಬೆರಳಿನ ನೀಲಿ ಗುರುತು ವಾರಗಟ್ಟಲೆ ಹೋಗಲಿಲ್ಲ. ಎಲ್ಲರೂ ತಿಳಿದಿರುವುದು ಇಷ್ಟು. ನನ್ನನ್ನು ಬಿಟ್ಟು ಅವನನ್ನು ಹಿಡಿದಳಲ್ಲ ಎಂದು ನನಗೆ ನೋವಾಗಿರಬೇಕೆಂದು ಅವಳು ಸಾಯುವವರೆಗೂ ನಂಬಿದ್ದಳು. ನಿಜವಾಗಿ ಆಗ ನನಗೆ ಅನ್ನಿಸಿದ್ದು ಬೇರೆ. ತಮ್ಮ ಅಮ್ಮನ ಕೈಗೆ ಸಿಕ್ಕಿದ, ಇನ್ನು ನಾನು ಈ ಅಂಚನ್ನು ಬಿಡದಿದ್ದರೆ ಸಾಕು ಎಂದುಕೊಂಡೆ. ಎದೆಯಲ್ಲಿ ಒಂದು ಭಾರ ಇಳಿದಂತಾಯಿತು. ಅಷ್ಟು ಚಿಕ್ಕ ಹುಡುಗನಿಗೆ ಅಂಥ ಯೋಚನೆ ಬರುತ್ತದೆಯೇ ಎಂದು ನೀನು ಕೇಳಬಹುದು. ಬಂತು. ನಿನ್ನ ದೊಡ್ಡವಳಿಗೂ ಬರುತ್ತದೆ. ಅಕ್ಕ ಅಣ್ಣಂದಿರಿಗೆ ಅದು ಬರುತ್ತದೆ.

ಹಬ್ಬದ ದಿನ ಒಬ್ಬಟ್ಟಿನ ಕಾವಲಿಯಿಂದ ಇಳಿದ ಮೊದಲನೆಯದು ನನ್ನ ಎಲೆಗೇ ಬೀಳುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಹಿರಿಯ ಮಗನೆಂದು ಹಾಗೆ ಮಾಡುತ್ತಾಳೆ ಎಂದು ನಿನ್ನ ಅಪ್ಪನೂ ಚಿಕ್ಕಮ್ಮನೂ ರೇಗಿಸುತ್ತಿದ್ದರು. ಅದು ಆ ಹೊಳೆಯ ಬಾಬ್ತು ಎಂದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು. ಬಡಿಸುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನಾನು ತಿಂದೆ, ಚೆನ್ನಾಗಿದೆ ಎಂದೆ. ‘ಅಮ್ಮಾ, ನನಗೆ ಏನೂ ಆಗಿರಲಿಲ್ಲ’ ಎಂಬ ಒಂದು ಮಾತು ಆಡಲು ಎಷ್ಟೋ ವರ್ಷಗಳು ಸಿಕ್ಕಿದ್ದವು. ನಮ್ಮ ಮನೆಯಲ್ಲಿ ಅಂಥ ಮಾತು ಆಡುವ ರೂಢಿ ಇರಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಹೇಳೋಣವೆಂದು ಹೋದಾಗ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಪೋವೆಲ್ ಎಂಬ ಅನ್ವೇಷಕ 1869ರಲ್ಲಿ ನಾಲ್ಕು ದೋಣಿಗಳೊಡನೆ ಹೊರಟು ಅದೇ ನದಿಯಲ್ಲಿ ಇಳಿದವನು. ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಕಣಿವೆಯ ಕೊನೆಗೆ ಬರುವ ಹೊತ್ತಿಗೆ ಹಿಟ್ಟು ಮುಗಿಯುತ್ತಾ ಬಂದಿತ್ತು, ಎದುರಿಗೆ ಭಯಂಕರ ರ‍್ಯಾಪಿಡ್. ಮೂವರು ನೀರಿಗಿಂತ ನೆಲವೇ ವಾಸಿ ಎಂದು ಹತ್ತಿ ಹೊರಟುಹೋದರು, ಮತ್ತೆ ಮರಳಲಿಲ್ಲ. ಉಳಿದವರು ದೋಣಿಯಲ್ಲಿ ಪಾರಾದರು. ಆ ಮೂವರಲ್ಲಿ ಇಬ್ಬರು, ಹೌಲ್ಯಾಂಡ್ ಎಂಬ ಮನೆತನದ ಸಹೋದರರು. ಆ ಕಥೆ ಓದುವಾಗಲೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ. ಹೋದವರನ್ನು ಹೇಡಿಗಳೆಂದು ಕೆಲವರು ಬರೆದಿದ್ದಾರೆ, ನನಗೆ ಹಾಗೆನ್ನಲು ಮನಸ್ಸು ಬರುವುದಿಲ್ಲ. ಒಬ್ಬ ಹೊರಟಾಗ ಇನ್ನೊಬ್ಬ ಹೇಗೆ ನಿಂತಾನು? ಒಡಹುಟ್ಟಿದವರು ತಂದೆ ತಾಯಿಯ ಕೈಗೆ ಕಾಯುವುದಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನಿನ್ನ ಮಕ್ಕಳನ್ನೂ ಹಾಗೆ ನಂಬು.

ಭಯದ ಮಾತಿನ ನಡುವೆ ಒಳ್ಳೆಯದನ್ನು ಮರೆತೆ. 33ನೇ ಮೈಲಿಯಲ್ಲಿ ರೆಡ್‌ವಾಲ್ ಎಂಬ ದೊಡ್ಡ ಗುಹೆ ಇದೆ, ಒಳಗೆಲ್ಲ ಮರಳು, ಮಕ್ಕಳು ಓಡಾಡಲಿ. ನ್ಯಾನ್ಕೊವೀಪ್‌ನಲ್ಲಿ ಸುಮಾರು 900 ವರ್ಷಗಳ ಹಿಂದಿನ ಕಣಜಗಳು ಬಂಡೆಯ ಸಂದಿನಲ್ಲಿ ಹಾಗೇ ಉಳಿದಿವೆ, ಅಲ್ಲಿನ ಪ್ಯೂಬ್ಲೊ ಜನರ ಪೂರ್ವಜರು ಕಟ್ಟಿದ್ದು. ಹತ್ತುವ ದಾರಿ ಕಡಿದು, ಆದರೂ ಹೋಗಿ. ಹ್ಯಾನ್ಸ್ ದಾಟಿದ ಸ್ವಲ್ಪ ಹೊತ್ತಿಗೆ ಎರಡೂ ಬದಿ ಕಪ್ಪು ಬಂಡೆ ಏಳುತ್ತದೆ. ಅದರ ಹೆಸರು ವಿಷ್ಣು ಶಿಸ್ಟ್, ಸುಮಾರು 170 ಕೋಟಿ ವರ್ಷ ಹಳೆಯದು. ಮೇಲಿನ ಶಿಖರಗಳಿಗೆ ವಿಷ್ಣು, ಬ್ರಹ್ಮ, ಶಿವ ಎಂದು ಹೆಸರಿಟ್ಟಿರುವುದು ನಿನಗೆ ಗೊತ್ತೇ ಇದೆ. ನಮ್ಮ ಹಂಪಿಯ ಬಂಡೆಗಳು ಅದಕ್ಕಿಂತಲೂ ಹಳೆಯವು ಎಂದು ಮಕ್ಕಳಿಗೆ ಹೇಳು.

ಇನ್ನು ನನಗೆ ತಿಳಿದ ಒಂದೆರಡು. ನೀರು ಅಣೆಕಟ್ಟಿನ ಆಳದಿಂದ ಬರುವುದರಿಂದ ತಣ್ಣಗಿರುತ್ತದೆ. ಮೇಲೆ 40 ಡಿಗ್ರಿ ಬಿಸಿಲು, ಕೆಳಗೆ 10–12 ಡಿಗ್ರಿಯ ನೀರು. ಸರೋವರ ಇಳಿದ ವರ್ಷಗಳಲ್ಲಿ ಸ್ವಲ್ಪ ಬೆಚ್ಚಗಿರಬಹುದು. ಬಿದ್ದ ತಕ್ಷಣ ಉಸಿರು ಹಿಡಿತಕ್ಕೆ ಬರುವುದಿಲ್ಲ, ಏದುಸಿರು ಬರುತ್ತದೆ. ಒಂದು ನಿಮಿಷದಲ್ಲಿ ಸರಿಹೋಗುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಗಾಬರಿ ಅರ್ಧ ಇಳಿಯುತ್ತದೆ. ಅಂಗಾತ ಮಲಗಿ, ಪಾದ ಮುಂದಕ್ಕೆ ಮಾಡಿ, ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು, ಕಾಲು ಬಂಡೆಯ ಸಂದಿಗೆ ಸಿಗುತ್ತದೆ. ಯಾರನ್ನೂ ದೋಣಿಗೆ ಕಟ್ಟಬೇಡ. ಭಯಪಟ್ಟ ತಾಯಂದಿರಿಗೆ ಆ ಯೋಚನೆ ಬರುತ್ತದೆ, ಅದಕ್ಕೇ ಹೇಳಿದೆ. ಮಗುಚಿದ ರಾಫ್ಟ್ ಮುಳುಗುವುದಿಲ್ಲ. ಅಂಚಿನ ಹಗ್ಗ ಹಿಡಿದರೆ ಅದೂ ಒಂದು ಕೈಯೇ.

ಮೇಲಕ್ಕೆ ನಡೆಯುವ ದಿನದ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ನನಗೆ ನದಿಗಿಂತ ಅದರ ಮೇಲೇ ಹೆಚ್ಚು ಕಾಳಜಿ. ಬ್ರೈಟ್ ಏಂಜೆಲ್ ದಾರಿ ಸುಮಾರು 10 ಮೈಲಿ, 1,300 ಮೀಟರಿಗೂ ಹೆಚ್ಚಿನ ಏರು, ಜೂನ್ ಬಿಸಿಲು. ಇನ್ನೂ ಕತ್ತಲಿರುವಾಗಲೇ ಹೊರಡಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳು ಬಿಡಬೇಡಿ. ಬರೀ ನೀರು ಕುಡಿಯುತ್ತಾ ಹೋದರೂ ತೊಂದರೆ, ಉಪ್ಪಿನ ತಿನಿಸು ಜೊತೆಗಿರಲಿ. ಹುರಿಗಡಲೆ, ಉಪ್ಪು ಹಚ್ಚಿದ ಶೇಂಗಾ ಸಾಕು. ದಾರಿಯ ನಲ್ಲಿಗಳಲ್ಲಿ ನೀರು ಬರುತ್ತಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಅಳಿಯಂದಿರು ವೇಗವಾಗಿ ನಡೆಯುವವರು. ಸಣ್ಣವನ ಹೆಜ್ಜೆಗೆ ಹೊಂದಿಕೊಳ್ಳಲು ಅವರಿಗೆ ನನ್ನ ಪರವಾಗಿ ಹೇಳು. ಬೇಸರಪಟ್ಟುಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ, ಕ್ಷಮಿಸು. ಹೊರಡುವ ಮುಂಚೆ ಇಬ್ಬರನ್ನೂ ಕೂರಿಸಿಕೊಂಡು ಹೇಳು: ‘ದೋಣಿ ಮಗುಚಿದರೆ ಅಮ್ಮ ಹತ್ತಿರ ಇದ್ದವರನ್ನು ಹಿಡಿಯುತ್ತಾಳೆ. ಹಿಡಿಯದಿದ್ದರೆ ನೀವು ದೂರ ಇದ್ದಿರಿ ಎಂದು ಅರ್ಥ, ಅಷ್ಟೇ.’ ಬಾಯಿಬಿಟ್ಟು ಹೇಳು. ಅಜ್ಜಿಯೂ ನಾನೂ ಹೇಳಿಕೊಳ್ಳದೆ ಉಳಿದದ್ದು ಇಷ್ಟೇ ಇಷ್ಟು ಮಾತು. ಅವರು ನಕ್ಕು, ‘ಗೊತ್ತಮ್ಮ’ ಎಂದು ಎದ್ದುಹೋಗಬಹುದು. ಹೋಗಲಿ.

ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲವೆಂದು ತಿಳಿದೇ ಇದೆ, ಆ ದಿನಗಳಲ್ಲಿ ಫೋನಿಗೆ ಕಾಯುವುದಿಲ್ಲ. ಮೇಲೆ ಬಂದ ಮೇಲೆ ಮೊದಲು ನಿನ್ನ ಅಪ್ಪನಿಗೆ ಫೋನ್ ಮಾಡು, ಆಮೇಲೆ ನನಗೆ. ಅವನೂ ಒಂದು ಭಾರ ಹೊತ್ತಿದ್ದಾನೆ ಎಂದು ನನಗೆ ಅನೇಕ ಸಲ ಅನ್ನಿಸಿದೆ: ಅಮ್ಮನ ಕೈಗೆ ತಾನು ಸಿಕ್ಕೆ, ಅಣ್ಣ ಸಿಗಲಿಲ್ಲ ಎಂದು. ನೀರಿನಲ್ಲಿ ನನಗೆ ಅನ್ನಿಸಿದ್ದು ಅವನಿಗೂ ಗೊತ್ತಿಲ್ಲ. ಎದುರೆದುರು ಕುಳಿತು ಹೇಳಲು ನನ್ನಿಂದ ಇನ್ನೂ ಆಗಿಲ್ಲ. ಈ ಪತ್ರವನ್ನು ಅವನಿಗೆ ಓದಿ ಹೇಳುವೆಯಾದರೆ ನನ್ನ ಅಭ್ಯಂತರವಿಲ್ಲ. ಹೇಳಿದರೆ ಒಳ್ಳೆಯದೇ.

ಇಂತು,
ನಿನ್ನ ದೊಡ್ಡಪ್ಪ