ಐದು ಸೆಂಟ್ಸ್ ಆಕಾಶ

ಪ್ರೀತಿಯ ಸತೀಶ,

ಮಣಿಪಾಲದ ಹತ್ತಿರ ಐದು ಸೆಂಟ್ಸ್ ಜಾಗದ ರೇಟ್ ಕೇಳಿ ನೀನು ಫೋನಲ್ಲೇ ಬೊಬ್ಬೆ ಹಾಕಿದೆ. "ಹಾಗಾದ್ರೆ ಗಾಳಿಯಲ್ಲೇ ಮನೆ ಕಟ್ಟುವ ಮಾರಾಯ, ಪ್ಲ್ಯಾನ್ ಹಾಕು" ಅಂದೆ. ಹಾಕಿದ್ದೇನೆ. ಮೂರು ರಾತ್ರಿ ಕೂತು ಬಲೂನ್ ಮನೆಯ ಪ್ಲ್ಯಾನ್ ಹಾಕಿದ್ದೇನೆ.

ಮೊದಲು ತೂಕ. ಬಲೂನಿಗೆ ತುಂಬುವ ಹೀಲಿಯಂ ಗ್ಯಾಸ್ ಒಂದು ಘನ ಮೀಟರ್ ಇದ್ದರೆ ಎತ್ತುವುದು ಹೆಚ್ಚುಕಮ್ಮಿ ಒಂದೇ ಕೆಜಿ. ಹಾಗಾಗಿ ಹಂಚಿನ ಮಾಡಿನ ಆಸೆ ಬಿಡು. ಒಂದೊಂದು ಮಂಗಳೂರು ಹಂಚು ಎರಡು ಕೆಜಿಗಿಂತ ಜಾಸ್ತಿ, ಸಾವಿರ ಹಂಚಿಗೇ ಎರಡು ಟನ್ ದಾಟುತ್ತದೆ. ಬಿದಿರಿನ ಗೋಡೆ, ನೀವು ನಾಲ್ಕು ಜನ, ನೀರು, ಬಲೂನಿನ ಬಟ್ಟೆ ಎಲ್ಲ ಸೇರಿಸಿ ಮೂರು ಟನ್‌ಗೆ ಮುಗಿಸಿದ್ದೇನೆ. ಅಷ್ಟಕ್ಕೇ 18 ಮೀಟರ್ ಅಗಲದ ಬಲೂನ್ ಬೇಕು. ಹೈಡ್ರೋಜನ್ ಅಗ್ಗ, ನಿಜ. ಆದರೆ ಅದನ್ನೇ ತುಂಬಿದ್ದ ಜರ್ಮನಿಯ ವಾಯುನೌಕೆ ಹಿಂಡನ್‌ಬರ್ಗ್ 1937ರಲ್ಲಿ ಹೊತ್ತಿ ಉರಿಯಿತು. ನೀನು ದಿನಾ ಬಂಗುಡೆ ಕಾಯಿಸುವ ಮನುಷ್ಯ. ಬೇಡ.

ನನಗೆ ನಿದ್ದೆ ಕೆಡಿಸಿದ್ದು ನೆಂಟರ ವಿಷಯ. ಒಬ್ಬರು ಇಳಿದರೆ ಮನೆ ಹಗುರಾಗಿ ಮೇಲೆ ಹಾರುತ್ತದೆ. ಗ್ಯಾಸ್ ಬಿಡಬಹುದು, ಆದರೆ ಹೀಲಿಯಂ ದುಬಾರಿ. ಅದಕ್ಕೆ ಬಾಗಿಲಲ್ಲೇ ಒಂದು ತುಲಾಭಾರದ ತಕ್ಕಡಿ ಇಟ್ಟಿದ್ದೇನೆ. ಉಂಡು ಹೊರಟ ನೆಂಟರನ್ನು ತೂಗಿ, ಅಷ್ಟೇ ತೂಕದ ತೆಂಗಿನಕಾಯಿ ಒಳಗೆ ತೆಗೆದುಕೊಳ್ಳುವುದು. ನಿಮ್ಮ ದೊಡ್ಡಪ್ಪ ಬಂದು ಹೋದರೆ ತಿಂಗಳಿಗಾಗುವಷ್ಟು ಕಾಯಿ! ಸ್ನಾನದ ನೀರನ್ನೂ ಸುಮ್ನೆ ಹೊರಗೆ ಚೆಲ್ಲುವ ಹಾಗಿಲ್ಲ. ಪ್ರತಿ ಕೊಡಪಾನಕ್ಕೂ ಮನೆ ಏರುತ್ತದೆ.

ನಿನ್ನ ಮಾವ ವಾಸ್ತು ಕೇಳುತ್ತಾರಲ್ಲ, ಅದು ಸುಲಭ. ಮನೆ ಮೆಲ್ಲಗೆ ತಿರುಗುತ್ತಿರುತ್ತದೆ. ಬಾಗಿಲು ಪೂರ್ವಕ್ಕೆ ಬಂದಾಗ ಅವರು ಒಳಗೆ ಬರಲಿ.

ಗಾಳಿಗೆ ಕೂರಲು ಜಗಲಿ ಬೇಕು ಅಂದಿದ್ದೆ. ಜಗಲಿ ಉಂಟು, ಗಾಳಿ ಇಲ್ಲ. ಹಗ್ಗ ಬಿಚ್ಚಿದ ಮೇಲೆ ಮನೆ ಗಾಳಿಯ ಜೊತೆಗೇ ಹೋಗುವುದರಿಂದ ಅದು ಮೈಗೆ ತಾಗುವುದೇ ಇಲ್ಲ. ದೀಪ ಆರುವುದಿಲ್ಲ, ಒಗೆದ ಬಟ್ಟೆ ಬೇಗ ಒಣಗುವುದೂ ಇಲ್ಲ. ಆದರೆ ಪೆಟ್ರೋಲ್ ಖರ್ಚಿಲ್ಲ ನೋಡು. ಬೇಸಗೆಯಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ಕಡಲ ಕಡೆಗೆ ಬೀಸುತ್ತದೆ. ನೀವು ಮಲಗಿದಲ್ಲೇ ಸೇಂಟ್ ಮೇರೀಸ್ ದ್ವೀಪದ ಕಡೆ ತೇಲುತ್ತೀರಿ. ಮರುದಿನ ನೆಲ ಕಾದ ಮೇಲೆ ಕಡಲ ಗಾಳಿ ವಾಪಸ್ ದಡಕ್ಕೆ ತಳ್ಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಆಫೀಸ್ ಇದ್ದರೆ ಮಾತ್ರ ಕಷ್ಟ.

ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನೈರುತ್ಯದ ಗಾಳಿ ಹಿಡಿದರೆ ಸೀದಾ ಆಗುಂಬೆ ಘಾಟಿಗೆ ಹೋಗಿ ಸಿಕ್ಕಿಕೊಳ್ಳುತ್ತೀರಿ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಮೀನು ಹಿಡಿಯುವ ಬೋಟುಗಳಿಗೆ ರಜೆ ಅಲ್ವಾ, ನಿನ್ನ ಮನೆಗೂ ಅವುಗಳ ಪಕ್ಕದಲ್ಲೇ ಹಗ್ಗ.

ಮೊದಲ ಟ್ರಯಲ್‌ಗೆ ನೀನು ಹತ್ತಬೇಡ. 1783ರಲ್ಲಿ ಫ್ರಾನ್ಸಿನ ವರ್ಸೈಲಲ್ಲಿ ಬಿಸಿಗಾಳಿಯ ಬಲೂನಿನಲ್ಲಿ ಕುರಿ, ಬಾತುಕೋಳಿ, ಹುಂಜ ಕಳಿಸಿದ್ದರು. ನಿಮ್ಮ ಕೋಳಿ ಅಂಕದ ಹುಂಜವನ್ನು ಕೊಡು, ಸಾಕು.

ಒಂದು ವಿಷಯ ಬಾಕಿ. ಅಮ್ಮನ ಕಡೆಯುವ ಕಲ್ಲು ಮೇಲೆ ಬರುತ್ತದಾ? ಐವತ್ತು ಕೆಜಿ ಎಂದು ಹಿಡಿದರೂ ಇನ್ನೂ ಐವತ್ತು ಘನ ಮೀಟರ್ ಹೀಲಿಯಂ ಬೇಕು. ಮಿಕ್ಸಿ ಸಾಕು ಎಂದು ಅವರಿಗೆ ನಾನು ಹೇಳುವುದಿಲ್ಲ. ನೀನೇ ಕೇಳಿ ತಿಳಿಸು.

ನಿನ್ನ,
ಗಣೇಶ
ಉಡುಪಿ