ನೀನು ಎತ್ತದ ಆ ಫೋನು

ಬ್ರಹ್ಮಪುರ, ಕಲಬುರಗಿ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಬೆಂಗಳೂರಿನ ಸಭೆಯಲ್ಲಿ ಪತ್ರಕರ್ತರು, ಸಾಕ್ಷ್ಯಚಿತ್ರ ಮಾಡುವವರು ತಾವು ಬೆನ್ನು ಹತ್ತಿದ ಕೊಲೆ ಪ್ರಕರಣಗಳ ಬಗ್ಗೆ ಮಾತನಾಡಿದ್ದನ್ನು ಸಂತೋಷದಿಂದಲೇ ಓದಿದೆ. ಕೊನೆಯ ಪುಟದಲ್ಲಿ, ನೀನು ಚಿತ್ರ ಮಾಡುತ್ತಿರುವ ಕೊಲೆ ಪ್ರಕರಣದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಬಗ್ಗೆ ಬರೆದ ಒಂದು ಸಾಲಿಗೆ ಬಂದು ನಿಂತುಬಿಟ್ಟೆ. ‘ಆ ತಾಯಿ ದಿನವೂ ಫೋನ್ ಮಾಡುತ್ತಾರೆ ಕಾಕಾ, ಹೇಳಲು ಹೊಸದೇನೂ ಇಲ್ಲ, ಈಚೆಗೆ ಎತ್ತುತ್ತಿಲ್ಲ. ಅವರ ದುಃಖವನ್ನು ತೆಗೆದುಕೊಂಡು ಓಡಿಬಂದೆನೇನೋ ಎಂದು ಹೆದರಿಕೆಯಾಗುತ್ತದೆ.’ ಅದರ ಕೆಳಗೇ ಕ್ಯಾಮೆರಾ ಬಾಡಿಗೆಯ ಲೆಕ್ಕ ಬರೆದಿದ್ದೀಯ. ನನಗೆ ಮುಂದೆ ಓದಲು ಆಗಲಿಲ್ಲ.

ನಿನಗೆ ಹೇಳದ ಒಂದು ಸಂಗತಿ ಇದೆ. ನಿನ್ನ ಅಪ್ಪನಿಗೂ ಹೇಳಿಲ್ಲ.

1987. ಊರು ಇನ್ನೂ ಗುಲಬರ್ಗಾ ಆಗಿದ್ದ ಕಾಲ. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಲದ ಬದುವಿನ ಜಗಳಕ್ಕೆ 19 ವರ್ಷದ ಹುಡುಗನ ಕೊಲೆಯಾಯಿತು. ವರದಿಗೆ ಹೋದವನು ಫೋಟೋ ಕೇಳಿದೆ. ಅವನ ತಾಯಿ ದೇವರ ಪಟದ ಹಿಂದೆ ಸಿಕ್ಕಿಸಿದ್ದ ಚಿತ್ರವನ್ನು ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. ಜಾತ್ರೆಯಲ್ಲಿ ತೆಗೆಸಿದ್ದು. ಅವನದೆಂದು ಮನೆಯಲ್ಲಿ ಇದ್ದದ್ದು ಅದೊಂದೇ. ‘ಎಂಟು ದಿನದಲ್ಲಿ ತಂದುಕೊಡುತ್ತೇನೆ ಅವ್ವಾ’ ಎಂದೆ.

ಆಗ ಸುದ್ದಿಯ ಲಕೋಟೆಯನ್ನು ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಹುಬ್ಬಳ್ಳಿಗೆ ಕಳಿಸುತ್ತಿದ್ದೆವು. ಫೋಟೋ ಪತ್ರಿಕೆಯಲ್ಲಿ ಬಂತು, ಅಚ್ಚಿಗಾಗಿ ಅದರ ಲೋಹದ ಬ್ಲಾಕ್ ಮಾಡಿಸಿದ ಮೇಲೆ ಎಲ್ಲಿ ಹೋಯಿತೋ ಸಿಗಲಿಲ್ಲ. ಅವಳು ಸಂತೆಯ ದಿನ ಕಚೇರಿಗೆ ಬಂದಳು. ‘ಬರುತ್ತದೆ’ ಎಂದೆ. ಮತ್ತೆ ಬಂದಳು, ಮತ್ತೆ ಅದೇ ಮಾತು. ಮೂರನೆಯ ಸಲ ನಾನಿಲ್ಲವೆಂದು ಕಚೇರಿಯ ಹುಡುಗನಿಂದ ಹೇಳಿಸಿ ಒಳಕೋಣೆಯಲ್ಲಿ ನಿಂತೆ. ಬಾಗಿಲ ಸಂದಿಯಿಂದ ಅವಳ ಕೈಯಲ್ಲಿದ್ದ ಬುತ್ತಿಗಂಟು ಕಾಣುತ್ತಿತ್ತು. ನನಗೆಂದು ರೊಟ್ಟಿ ತಂದಿದ್ದಳು ಎಂದು ಹುಡುಗ ಆಮೇಲೆ ಹೇಳಿದ.

ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿ, ಮೇಲ್ಮನವಿ ಬೆಂಗಳೂರಿಗೆ ಹೋಯಿತು. ನಮ್ಮಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾದದ್ದು 2008ರಲ್ಲಿ. ಅದಕ್ಕೂ ಮೊದಲು ಈ ಕಡೆಯವರು ತಮ್ಮ ಪ್ರಕರಣ ಎಲ್ಲಿಗೆ ಬಂತೆಂದು ತಿಳಿಯಲು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೋಗಬೇಕಿತ್ತು. ಓದು ಬಾರದ ಆ ಹೆಂಗಸಿಗೆ ವಿಚಾರಿಸಲು ಇದ್ದವನು ನಾನೊಬ್ಬನೇ. ಫೋಟೋ ನೆಪವಾಗಿತ್ತೇ, ಪ್ರಕರಣ ಏನಾಯಿತೆಂದು ಕೇಳಲು ಬರುತ್ತಿದ್ದಳೇ ಎಂದು ಇಂದಿಗೂ ಯೋಚಿಸುತ್ತೇನೆ. ಒಮ್ಮೆ ಶರಣಬಸವೇಶ್ವರರ ಜಾತ್ರೆಯಲ್ಲಿ ದೂರದಿಂದ ಕಂಡಳು. ನಾನು ದಾರಿ ಬದಲಿಸಿದೆ. ‘ಕಳೆದುಹೋಯಿತು ಅವ್ವಾ’ ಎಂಬ ಎರಡು ಮಾತು ನನ್ನ ಬಾಯಿಂದ ಬರಲೇ ಇಲ್ಲ. ಅವಳು ತೀರಿಕೊಂಡ ಸುದ್ದಿ ಬಂದ ದಿನ ಊಟ ಮಾಡಲಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಫೋನ್ ಎತ್ತು.

ನೀನು ಮೆಚ್ಚಿ ಬರೆದ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಎರಾಲ್ ಮಾರಿಸ್ ಅವರನ್ನೇ ನೋಡು. 1976ರಲ್ಲಿ ನಡೆದ ಡಲ್ಲಾಸ್‌ನ ಪೊಲೀಸ್ ಅಧಿಕಾರಿಯ ಕೊಲೆಗಾಗಿ ರ‍್ಯಾಂಡಲ್ ಆಡಮ್ಸ್ ಎಂಬವರಿಗೆ ಮರಣದಂಡನೆ ವಿಧಿಸಿದ್ದರು, ಆಮೇಲೆ ಅದು ಜೀವಾವಧಿಯಾಯಿತು. ಮಾರಿಸ್ ಅವರ ಚಿತ್ರ 1988ರಲ್ಲಿ ಬಂದು ಸಾಕ್ಷಿಗಳ ಸುಳ್ಳನ್ನು ಬಯಲಿಗೆ ತಂದಿತು, ಮರುವರ್ಷ ಆಡಮ್ಸ್ ಹೊರಬಂದರು. ಬಂದ ಮೇಲೆ ತಮ್ಮ ಬದುಕಿನ ಕಥೆಯ ಹಕ್ಕಿಗಾಗಿ ಮಾರಿಸ್ ಮೇಲೆಯೇ ದಾವೆ ಹೂಡಿದರು. ಕೋರ್ಟಿನ ಹೊರಗೆ ರಾಜಿಯಾಯಿತು. ಇದರಲ್ಲಿ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಸೆರೆಯಿಂದ ಬಿಡಿಸಿದವರ ಬಳಿಯೂ ‘ನನ್ನ ಕಥೆಯನ್ನು ನನಗೆ ಕೊಡು’ ಎಂದು ಕೇಳಬೇಕೆನಿಸುವಷ್ಟು ಅದು ಮನುಷ್ಯನಿಗೆ ಸ್ವಂತದ್ದು. ನೀನು ಆ ತಾಯಿಯಿಂದ ತಂದಿರುವುದು ಅಂಥದ್ದು.

ಏನು ಮಾಡಬೇಕೆಂದು ಹೇಳುವ ಅರ್ಹತೆ ನನಗೆ ಇಲ್ಲ, ಆದರೂ ಬರೆಯುತ್ತೇನೆ. ಪ್ರಕರಣದ ಸಿಎನ್‌ಆರ್ ಸಂಖ್ಯೆಯನ್ನು, ಅದು ಪ್ರತಿ ಪ್ರಕರಣಕ್ಕೂ ಕೋರ್ಟು ಕೊಡುವ ಗುರುತಿನ ಸಂಖ್ಯೆ, 16 ಅಕ್ಷರ-ಅಂಕಿಗಳಿರುತ್ತವೆ, ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವರಿಗೆ ಕೊಡು. ಮನೆಯ ಮೊಮ್ಮಕ್ಕಳು ಮೊಬೈಲ್‌ನಲ್ಲೇ ಮುಂದಿನ ತಾರೀಖು ನೋಡಿ ಹೇಳುತ್ತಾರೆ. ನನ್ನ ಕಾಲದಲ್ಲಿ ಅದು ಇದ್ದಿದ್ದರೆ! ಚಿತ್ರ ಮುಗಿದಾಗ ಮೊದಲು ಅವರೇ ನೋಡಲಿ, ಬೇಡವೆಂದ ದೃಶ್ಯವನ್ನು ತೆಗೆದುಬಿಡು. ನಿನ್ನ ನಿರ್ಮಾಪಕರು ಒಪ್ಪುವರೋ ಇಲ್ಲವೋ, ಕೇಳಿ ನೋಡು. ಹೇಳಲು ಏನೂ ಇಲ್ಲದ ದಿನ ‘ಏನೂ ಇಲ್ಲ’ ಎಂದೇ ಹೇಳು. ಹೊಸದನ್ನು ಕೇಳಲು ಅವರು ಫೋನ್ ಮಾಡುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಆ ಮಗನ ಹೆಸರನ್ನು ಅವರ ಬಾಯಿಂದ ಕೇಳಿಸಿಕೊಳ್ಳುವವರು ಈಗ ಆ ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ?

ದೀಪಾವಳಿಗೆ ಬರುವಾಗ ಅವರ ಊರಿನ ಮೇಲಿಂದಲೇ ಬಾ. ನಿನಗೆ ಒಬ್ಬಳೇ ಹೋಗಲು ಹೆದರಿಕೆಯಾದರೆ ನಾನು ಜೊತೆಗೆ ಬರುತ್ತೇನೆ. ನೀವು ಮಾತನಾಡುವಾಗ ಕಟ್ಟೆಯ ಮೇಲೆ ಕುಳಿತಿರುತ್ತೇನೆ.

ನಿನ್ನ ಕಾಕಾ